ಒತ್ತುರಾಯರೂ ಒತ್ತಬಾರದ ಬಾಲವೂ

ಲೋಕದಲ್ಲಿ ಹಲವು ಬಗೆಯ ವೀರರು ಆಗಿಹೋಗಿದ್ದಾರೆ. ಕೆಲವರು ಕತ್ತಿಯಿಂದ ಗೆದ್ದರು, ಕೆಲವರು ಬುದ್ಧಿಯಿಂದ ಗೆದ್ದರು, ಇನ್ನು ಕೆಲವರು ಎದುರಾಳಿ ನಿದ್ದೆ ಹೊಡೆಯುತ್ತಿದ್ದಾಗ ಗೆದ್ದರು. ಬರೀ ಬಲಗೈ ಹೆಬ್ಬೆರಳೊಂದರಿಂದ ಇಡೀ ಬೀದಿಯನ್ನು ಗೆದ್ದವರು ಮಾತ್ರ ಒತ್ತುರಾಯರೊಬ್ಬರೇ.

ಒತ್ತುರಾಯರು ಎಂಬುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟದ್ದು ಬೇರೆ ಏನೋ ಇತ್ತು, ಅದು ಬಳಕೆ ತಪ್ಪಿ ಅವರಿಗೇ ಮರೆತುಹೋಗುವ ಹಂತದಲ್ಲಿತ್ತು. ಅವರದು ಟೈರ್ ಅಂಗಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ಎಷ್ಟಿದೆ ಎಂದು ಹೇಳುವುದು ಕಸುಬು, ಅದರಲ್ಲಿ ಯಾರೂ ತಪ್ಪು ಹುಡುಕುವಂತಿಲ್ಲ. ಆದರೆ ಒತ್ತುರಾಯರ ಹೆಬ್ಬೆರಳಿಗೆ ಅಂಗಡಿಯ ಹೊಸಿಲು ಗೊತ್ತಿರಲಿಲ್ಲ. ತರಕಾರಿಯವಳ ಟೊಮೆಟೊ, ಬೇಕರಿಯ ಬ್ರೆಡ್ಡು, ಬ್ಯಾಂಕಿನ ಕುರ್ಚಿ, ನೆಂಟರ ಮಗುವಿನ ಕೆನ್ನೆ, ಒಂದು ಸಲ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ಅಪರಿಚಿತನ ಹೊಟ್ಟೆ, ಎಲ್ಲವನ್ನೂ ಒಮ್ಮೆ ಒತ್ತಿ, ಕಣ್ಣು ಮುಚ್ಚಿ, 'ಕಮ್ಮಿ ಇದೆ' ಅಥವಾ 'ಸರಿ ಇದೆ' ಎಂದು ತೀರ್ಪು ಕೊಟ್ಟರೇ ಅವರಿಗೆ ಸಮಾಧಾನ. ಯಾರದೋ ಹೊಸ ಮನೆಯ ಗೋಡೆ ಒತ್ತಿ 'ಸಿಮೆಂಟು ಕಮ್ಮಿ' ಅಂದರಂತೆ, ವರ್ಷ ತುಂಬುವುದರೊಳಗೆ ಗೋಡೆ ಬಿರಿಯಿತಂತೆ. ಆ ಮನೆ ಎಲ್ಲಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರೂ ನಂಬಿದ್ದರು.

ಅವರ ಮದುವೆಯ ಕತೆಯೂ ಹೆಬ್ಬೆರಳಿನದೇ. ವಾಹನಗಳ ಸೀಟು ಹೊಲಿಯುವ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿ ಹೊಸದಾಗಿ ಹೊಲಿದಿಟ್ಟ ಸೀಟನ್ನು ಒತ್ತಿ, "ಸ್ಪಂಜು ಕಮ್ಮಿ" ಅಂದರು. ಮಷೀನಿನ ಹಿಂದಿನಿಂದ ಒಂದು ಹೆಣ್ಣುದನಿ, "ಮೊದ್ಲು ಕೂತು ನೋಡಿ, ಆಮೇಲೆ ಮಾತಾಡಿ" ಅಂತು. ರಾಯರು ಕೂತರು. ಇಪ್ಪತ್ತು ವರ್ಷವಾದರೂ ಎದ್ದಿರಲಿಲ್ಲ. ಈಗ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು, ಮೇಲುಗಡೆ ಮನೆ, ಮನೆಯಲ್ಲಿ ಹೆಂಡತಿಯ ತಾಯಿ.

ರಾಯರಿಗೆ ಎರಡು ಸಿದ್ಧಾಂತಗಳಿದ್ದವು. ತೂತು ಸಿಗದೆ ಪ್ಯಾಚ್ ಹಾಕಬಾರದು ಎಂಬುದು ಒಂದು. ರಾತ್ರಿ ಕಳೆಯುವಷ್ಟರಲ್ಲಿ ಎಂಥ ಟೈರಿನಲ್ಲೂ ಒಂದಿಷ್ಟು ಗಾಳಿ ಇಳಿದೇ ಇಳಿಯುತ್ತದೆ ಎಂಬುದು ಇನ್ನೊಂದು. ಹೀಗಾಗಿ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಗಾಳಿಯ ಪೈಪು ಹಿಡಿದು ತಮ್ಮ ಸ್ಕೂಟರಿಗೂ, ಪಕ್ಕದಂಗಡಿಯವನ ಬೈಕಿಗೂ, ಹಾಲಿನವನ ಸೈಕಲ್ಲಿಗೂ ಕೇಳದೆಯೇ ಒಂದೊಂದು ಉಸಿರು ತುಂಬುತ್ತಿದ್ದರು. ಇದರ ಜೊತೆಗೆ ಒಂದು ಕೋಪವೂ ಇತ್ತು. ಅದು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು, ಬಾಗಿಲು ತಟ್ಟುವ ಮೊದಲೇ ಹೊರಗೆ ಬರುತ್ತಿತ್ತು.

ಇಂಥ ಮನೆಗೆ ಒಂದು ದಿನ ನಾದಿನಿ ಗಾಜಿನ ಪೆಟ್ಟಿಗೆಯೊಂದನ್ನು ಹೊತ್ತು ಬಂದಳು. ಹೆಂಡತಿಯ ತಂಗಿಯಾದ ಈಕೆ ಸರಕು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವಳು. ಭಾವನ ಕೋಪಕ್ಕೆ ಹೆದರದ ಇಬ್ಬರಲ್ಲಿ ಒಬ್ಬಳು. ಇನ್ನೊಬ್ಬರು ಅವಳ ತಾಯಿ.

"ಏನಿದು?" ಎಂದರು ರಾಯರು.

"ಹಲ್ಲಿ, ಭಾವ."

"ಹಲ್ಲಿ ಅಂತ ಕಾಣ್ತಾ ಇದೆ. ಗೋಡೆ ತುಂಬ ಹಲ್ಲಿ ಇವೆ, ಯಾವುದಕ್ಕೂ ನಾನು ಬಂಗಲೆ ಕಟ್ಟಿಸಿಕೊಟ್ಟಿಲ್ಲ. ಇದ್ಯಾವ ಮಹಾರಾಜರ ಮಗ?"

"ಇದು ಗೋಡೆ ಹತ್ತಲ್ಲ ಭಾವ. ಚಿರತೆ ಹಲ್ಲಿ. ಮೈಮೇಲೆ ಚುಕ್ಕಿ ನೋಡಿ. ಹೆಸರೂ ಚುಕ್ಕಿ."

"ಗೋಡೆ ಹತ್ತದ ಹಲ್ಲಿ! ಮುಂದಿನ ಸಲ ಈಜೋಕೆ ಬರದ ಮೀನು ತರ್ತೀಯಾ?"

ನಾದಿನಿ ನಕ್ಕು ಪೆಟ್ಟಿಗೆಯನ್ನು ಹೊಲಿಗೆ ಕೋಣೆಯ ಮೆಟ್ಟಿಲ ಪಕ್ಕದ ಹಲಗೆಯ ಮೇಲಿಟ್ಟಳು. ಮನೆಯವರೆಲ್ಲ ಹತ್ತಿ ಇಳಿಯುವಾಗ ಹಾದುಹೋಗಲೇಬೇಕಾದ ಜಾಗ ಅದು. ಆಮೇಲೆ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದಳು: "ಮರಿಯಾಗಿದ್ರೆ ದಿನಾ ಊಟ ಹಾಕ್ಬೇಕಿತ್ತು. ಇದು ಬೆಳೆದಿದೆ. ಎರಡು ಮೂರು ದಿನಕ್ಕೊಂದ್ಸಲ ಹಾಕಿದ್ರೆ ಸಾಕು. ಒಂದ್ಸಲಕ್ಕೆ ನಾಲ್ಕೈದು ಚಿಮ್ಮಂಡೆ. ಅದರ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ ಅದಕ್ಕಿಂತ ದಪ್ಪ ಹುಳ ಬೇಡ. ಹಾಕೋ ಮುಂಚೆ ಈ ಕ್ಯಾಲ್ಸಿಯಂ ಪುಡೀಲಿ ಹೊರಳಿಸಿ. ಈ ಡಬ್ಬಿ ತೌಡಿನಲ್ಲಿರೋದು ಹಿಟ್ಟಿನ ಹುಳು, ಅದು ಬರೀ ಕೊಬ್ಬು, ಅಪರೂಪಕ್ಕೆ ಒಂದು. ಬಾಲಾನೇ ಇದರ ಕಣಜ. ತಿಂದು ಮಿಕ್ಕಿದ್ದೆಲ್ಲ ಅಲ್ಲಿ ಕೂತಿರುತ್ತೆ. ಬಾಲ ಕತ್ತಿನಷ್ಟು ದಪ್ಪ ಇದ್ರೆ ಸರಿ. ಕತ್ತನ್ನೂ ಮೀರಿದ್ರೆ ಜಾಸ್ತಿ ಹಾಕ್ತಿದ್ದೀರಿ ಅಂತ ಅರ್ಥ."

ಬಾಲದ ಮಾತು ಬಂದದ್ದೇ ತಡ, ಒತ್ತುರಾಯರ ಹೆಬ್ಬೆರಳು ತನಗೆ ತಾನೇ ಮುಂದೆ ಸಾಗಿತು. ಮುಚ್ಚಳ ತೆರೆದಿತ್ತು. ಬಾಲ ಕೈಗೆಟುಕುವಂತಿತ್ತು. ಹುರಿಹುರಿಯಾಗಿ, ಉಂಗುರ ಉಂಗುರವಾಗಿ, ಸಣ್ಣ ಟ್ಯೂಬಿನಂತೆ ಒತ್ತಿಸಿಕೊಳ್ಳಲೆಂದೇ ಹುಟ್ಟಿದಂತಿತ್ತು.

"ಭಾವ! ಒತ್ತಬೇಡಿ! ಹೆದರಿದ್ರೆ ಬಾಲ ಕಳಚಿ ಬಿದ್ದುಹೋಗುತ್ತೆ!"

ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಲಾರಿ ಟೈರುಗಳಿಗೆ ಬಗ್ಗದ, ಬ್ಯಾಂಕಿನ ಮ್ಯಾನೇಜರನ ಕುರ್ಚಿಗೆ ಅಂಜದ ಹೆಬ್ಬೆರಳು ಗೇಣುದ್ದದ ಪ್ರಾಣಿಯ ಮುಂದೆ ಮಡಚಿಕೊಂಡು ಮುಷ್ಟಿಯೊಳಗೆ ಸೇರಿತು. ಅತ್ತೆ ಮೆಟ್ಟಿಲ ಮೇಲೆ ನಿಂತು, "ನನ್ನ ಜೀವಮಾನದಲ್ಲಿ ಇದೊಂದು ನೋಡೋದು ಬಾಕಿ ಇತ್ತು" ಎಂದರು.

ಹೊರಡುವಾಗ ನಾದಿನಿ ಕಡೆಯ ಮಾತು ಹೇಳಿದಳು. "ಈ ಸಲ ಎರಡು ತಿಂಗಳಿಗೆ ವಾಪಸ್ ಬರ್ತೀನಿ. ಅದಾದ ಮೇಲಿನದು ಒಂದು ವರ್ಷದ ಪ್ರಯಾಣ. ಈಗ ನೀವು ಸರಿಯಾಗಿ ನೋಡ್ಕೊಂಡ್ರೆ ಆಗಲೂ ಚುಕ್ಕಿ ಇಲ್ಲೇ ಇರ್ಲಿ. ಆಗಲಿಲ್ಲ ಅಂದ್ರೆ ಬೇಜಾರಿಲ್ಲ. ನನ್ನ ಜೊತೆ ಕೆಲ್ಸ ಮಾಡೋನ ಅಣ್ಣ ಇಂಥವನ್ನ ಸಾಕ್ತಾನೆ. ಸಾಲಾಗಿ ಡ್ರಾಯರ್‌ಗಳಲ್ಲಿ ಇಟ್ಟಿದ್ದಾನೆ. ಅಲ್ಲಿ ಬಿಡ್ತೀನಿ."

"ಇವತ್ತೇ ಬಿಡು," ಎಂದರು ರಾಯರು.

ಎರಡು ವಾರ ಕಳೆಯುವುದರೊಳಗೆ ಇದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ರಾಯರು ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದರು.

ಕಾರಣ ಕಣ್ಣುರೆಪ್ಪೆ. ಗೋಡೆಯ ಹಲ್ಲಿಗೆ ರೆಪ್ಪೆ ಇಲ್ಲ, ಅದು ಜಗತ್ತನ್ನು ದಿಟ್ಟಿಸಿ ನೋಡುತ್ತದೆಯೇ ಹೊರತು ರೆಪ್ಪೆ ಬಡಿಯುವುದಿಲ್ಲ. ಚುಕ್ಕಿ ರೆಪ್ಪೆ ಬಡಿಯುತ್ತಿತ್ತು. ರಾಯರು ಹೊಲಿಗೆ ಕೋಣೆಯಲ್ಲಿ ಟೀ ಕುಡಿಯುತ್ತ, ಕಲಬೆರಕೆ ಟ್ಯೂಬು ಮಾರುವವರನ್ನೂ ರಸ್ತೆ ಅಗೆದು ಮುಚ್ಚದೆ ಹೋದವರನ್ನೂ ಬೈಯುತ್ತಿದ್ದರೆ, ಚುಕ್ಕಿ ತನ್ನ ಮಣ್ಣಿನ ಗೂಡಿನಿಂದ ಹೊರಬಂದು, ಗಾಜಿಗೆ ಗದ್ದ ಒತ್ತಿ, ಮೆಲ್ಲಗೆ ಒಂದು ಕಣ್ಣು ಮುಚ್ಚಿ ತೆರೆಯುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಆ ಮನೆಯಲ್ಲಿ ರಾಯರ ಬೈಗುಳವನ್ನು ಕೊನೆಯವರೆಗೂ ಕೇಳಿಸಿಕೊಂಡ ಮೊದಲ ಜೀವ ಅದು.

"ಡ್ರಾಯರ್‌ನಲ್ಲಂತೆ!" ಎಂದು ಅವರು ಒಂದು ದಿನ ಇದ್ದಕ್ಕಿದ್ದಂತೆ ಉರಿದುಬಿದ್ದರು. "ಚುಕ್ಕಿ ಏನು ಸ್ಕ್ರೂಡ್ರೈವರ್ರಾ? ನಟ್ಟಾ, ಬೋಲ್ಟಾ? ಡ್ರಾಯರ್‌ನಲ್ಲಿಡೋನು ಮೊದ್ಲು ಅವನು ಹೋಗಿ ಮಲಗ್ಲಿ ಡ್ರಾಯರ್‌ನಲ್ಲಿ!"

"ರೀ, ಯಾರಿಗೆ ಬೈತಿದ್ದೀರಿ?" ಎಂದರು ಹೆಂಡತಿ ಮಷೀನಿನಿಂದ ತಲೆ ಎತ್ತದೆ.

"ಗೊತ್ತಿಲ್ಲ. ಅವನನ್ನ ನಾನು ನೋಡಿಲ್ಲ."

ಚುಕ್ಕಿ ಚೆನ್ನಾಗಿಯೇ ಬೆಳೆಯಿತು. ಬಹಳ ಚೆನ್ನಾಗಿ ಬೆಳೆಯಿತು. ಬಾಲ ಕತ್ತಿನಷ್ಟಾಯಿತು, ಕತ್ತನ್ನು ಹಿಂದೆ ಹಾಕಿತು, ಆಮೇಲೆ ತಲೆಯ ಜೊತೆಗೂ ಪೈಪೋಟಿ ಹೂಡಿತು. ರಾಯರಿಗೆ ಒತ್ತುವ ಭಾಗ್ಯವಿಲ್ಲದ್ದರಿಂದ ಕಣ್ಣಲ್ಲೇ ಅಳೆದು, ಪಂಕ್ಚರ್ ಹಾಕಿಸಲು ಬಂದವರನ್ನೆಲ್ಲ ಒಳಗೆ ಕರೆದು, "ನೋಡಿ ಬಾಲ ಹೇಗಿದೆ, ಹೊಸ ಟೈರು!" ಎಂದು ತೋರಿಸುತ್ತಿದ್ದರು. ಮೀರಿದರೆ ಜಾಸ್ತಿಯಾಯಿತು ಎಂದು ನಾದಿನಿ ಹೇಳಿದ ಮಾತು ಯಾರ ತಲೆಯಲ್ಲೂ ಉಳಿದಿರಲಿಲ್ಲ. ಬಾಲ ಕಣಜ ಎಂಬ ಅರ್ಧ ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು. ತುಂಬಿದ ಕಣಜ ನೋಡಿ ಯಾರು ತಾನೆ ಅಳುತ್ತಾರೆ?

ಒಂದು ಬೆಳಗ್ಗೆ ಚುಕ್ಕಿ ಗೂಡಿನಿಂದ ಹೊರಗೆ ಬರಲಿಲ್ಲ. ರಾಯರು ಬಗ್ಗಿ ನೋಡಿದರು. ಬರಲು ಯತ್ನಿಸುತ್ತಿತ್ತು, ಬಾಗಿಲಲ್ಲಿ ಹೊಟ್ಟೆ ತಡೆಯುತ್ತಿತ್ತು. ಕೊನೆಗೆ ಹೇಗೋ ಹೊರಬಂದು ಹೊಟ್ಟೆ ಎಳೆಯುತ್ತ ನಾಲ್ಕು ಹೆಜ್ಜೆ ನಡೆದು ಕುಸಿದು ಕೂತಿತು. ಮುಂಗಾಲುಗಳ ಹಿಂದೆ, ಕಂಕುಳಲ್ಲಿ, ಎರಡೂ ಕಡೆ ಬಟಾಣಿಯಂಥ ಗುಳ್ಳೆ ಉಬ್ಬಿತ್ತು.

ಟೈರಿನ ಪಕ್ಕೆಯಲ್ಲಿ ಗುಳ್ಳೆ ಎದ್ದರೆ ಅದರ ಅರ್ಥವೇನು ಎಂದು ರಾಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗಿನ ದಾರ ಹರಿದಿದೆ, ಯಾವ ಗಳಿಗೆಯಲ್ಲಾದರೂ ಸಿಡಿಯುತ್ತದೆ.

ಗಂಡ ಹೆಂಡತಿ ಸ್ಕೂಟರಿನಲ್ಲಿ ಪ್ರಾಣಿವೈದ್ಯೆಯ ಬಳಿ ಹೋದರು. ಪೆಟ್ಟಿಗೆ ಹೆಂಡತಿಯ ತೊಡೆಯ ಮೇಲೆ. ರಾಯರು ದಾರಿಯುದ್ದಕ್ಕೂ ಎದುರು ಬಂದ ಗುಂಡಿಗಳಿಗೆಲ್ಲ ಶಾಪ ಹಾಕಿದರು. ವೈದ್ಯೆ ಚುಕ್ಕಿಯ ಹೊಟ್ಟೆಯಡಿ ಅಂಗೈ ಒಡ್ಡಿ ಎತ್ತಿ, ಪುಟ್ಟ ತಕ್ಕಡಿಯ ಮೇಲಿಟ್ಟು, ಹುಬ್ಬೇರಿಸಿದರು.

"ಇದನ್ನ ನೋಡ್ಕೊಳ್ಳೋರು ಯಾರು?"

"ಮನೆಮಂದಿಯೆಲ್ಲ ಸೇರಿ ನೋಡ್ಕೋತೀವಿ ಡಾಕ್ಟ್ರೇ," ಎಂದರು ರಾಯರು ಎದೆಯುಬ್ಬಿಸಿ.

"ಅದೇ ಕಾಯಿಲೆ," ಎಂದರು ವೈದ್ಯೆ. "ಇದು ಸಿಡಿಯಲ್ಲ, ಭಯ ಬೇಡ. ಗುಳ್ಳೆ ಬರೀ ಕೊಬ್ಬು. ಆದ್ರೆ ಹೀಗೇ ಮುಂದುವರಿದ್ರೆ ಲಿವರ್‌ಗೆಲ್ಲ ಕೊಬ್ಬು ಹತ್ತಿ ಸತ್ತುಹೋಗುತ್ತೆ. ಮೂರು ದಿನಕ್ಕೊಂದ್ಸಲ ನಾಲ್ಕು ಚಿಮ್ಮಂಡೆ, ಸಣ್ಣವು. ಹಿಟ್ಟಿನ ಹುಳು ಒಂದೂ ಬೇಡ. ಒಬ್ಬರೇ ಹಾಕಿ. ಮಿಕ್ಕೋರೆಲ್ಲ ನೋಡಿ ಸಂತೋಷಪಡಿ."

ವಾಪಸು ಬರುವಾಗ ರಾಯರು ಗುಂಡಿಗಳಿಗೆ ಶಾಪ ಹಾಕಲಿಲ್ಲ. ಹೆಂಡತಿಗೆ ಅದೇ ಭಯವಾಯಿತು.

ಅಂಗಡಿಗೆ ಬಂದವರೇ ಅರ್ಧ ಶಟರ್ ಎಳೆದು ವಿಚಾರಣೆ ಕರೆದರು. ಹಾಜರಿದ್ದವರು ಹೆಂಡತಿ, ಅತ್ತೆ, ಜೊತೆಗೆ ಪಕ್ಕದಂಗಡಿಯಲ್ಲಿ ವಾಹನಗಳ ನಂಬರ್ ಪ್ಲೇಟು ಬರೆಯುವ ಗೆಳೆಯ. ರಾಯರು ಅಡ್ಡ ಮಲಗಿಸಿದ ಲಾರಿ ಟೈರಿನ ಮೇಲೆ ಆಸೀನರಾದರು. ಸಿಂಹಾಸನಕ್ಕೆ ತುಸು ಕಮ್ಮಿ, ಸ್ಟೂಲಿಗೆ ತುಸು ಹೆಚ್ಚು.

"ಒಂದು ಮೂಕಪ್ರಾಣಿ!" ಎಂದು ಶುರುಮಾಡಿದರು. "ನಂಬಿ ಬಿಟ್ಟುಹೋದ ಪ್ರಾಣಿ! ಅದನ್ನ ಯಾರೋ ತುಂಬಿ ತುಂಬಿ ಸಿಡಿಯೋ ಹಾಗೆ ಮಾಡಿದ್ದಾರೆ. ಯಾರು? ಈಗಲೇ ಗೊತ್ತಾಗ್ಬೇಕು. ತೂತು ಸಿಗದೆ ಪ್ಯಾಚ್ ಹಾಕೋಕಾಗಲ್ಲ!"

ಹೆಂಡತಿ ಮೊದಲು ಬಾಯಿಬಿಟ್ಟು, "ನಾನು ಮಧ್ಯಾಹ್ನ ಹಾಕ್ತಿದ್ದೆ," ಎಂದರು.

"ದಿನಾ?"

"ದಿನಾ. ಕಣ್ಣೆದುರಿಗೇ ಇರುತ್ತಲ್ರೀ. ಸೀಟಿಗೆ ಸ್ಪಂಜು ತುಂಬೋವಾಗ ಒಂದು ಹಿಡಿ ಜಾಸ್ತೀನೇ ತುಂಬ್ತೀವಿ, ಕೂತೂ ಕೂತೂ ಅಮುಕಿಹೋಗುತ್ತೆ ಅಂತ. ಇದೂ ಕೂತೇ ಇರುತ್ತೆ, ಅಮುಕಿಹೋಗುತ್ತೆ ಅಂದ್ಕೊಂಡೆ."

"ಚುಕ್ಕಿ ಆಟೋ ಸೀಟೇನೇ?" ಎಂದು ರಾಯರು ಗುಡುಗಿದರು. "ಅತ್ತೇ, ನೀವು?"

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳಿಗೆ ಊಟ ಬಡಿಸಿ ನಿವೃತ್ತಿಯಾದವರು. ಯಾವ ದೊಡ್ಡ ಡಾಕ್ಟರರ ಧ್ವನಿಗೂ ಅವರ ಸೌಟು ನಡುಗಿರಲಿಲ್ಲ.

"ಹಾಕ್ದೆ ಅಳಿಯಂದ್ರೇ. ಸಾಯಂಕಾಲ ಮೆಟ್ಟಿಲು ಇಳಿಯೋವಾಗ ಬಟ್ಟಲು ಖಾಲಿ ಕಾಣ್ತಿತ್ತು. ಖಾಲಿ ಬಟ್ಟಲು ಕಂಡ್ರೆ ನನ್ನ ಕೈ ನನ್ನ ಮಾತು ಕೇಳಲ್ಲ."

"ಬಟ್ಟಲು ಖಾಲಿ ಇದ್ದದ್ದು ಅದು ತಿಂದಿದ್ದರಿಂದ! ಮಧ್ಯಾಹ್ನ ನಿಮ್ಮ ಮಗಳು ಹಾಕಿದ್ದನ್ನ ತಿಂದಿದ್ದರಿಂದ!"

"ಅದು ನನಗೆ ಹೇಳಲಿಲ್ಲವಲ್ಲ."

ರಾಯರ ಕಣ್ಣು ನಂಬರ್ ಪ್ಲೇಟಿನವನ ಮೇಲೆ ಬಿತ್ತು. ಅವನು ಬಾಗಿಲ ಕಡೆ ಅರ್ಧ ತಿರುಗಿದ್ದ.

"ಅಣ್ಣಾ, ನಾನು ಆಗೀಗ ಬಂದಾಗ ಒಂದೋ ಎರಡೋ... ಬಣ್ಣ ಹೊಡೆಯೋರಿಗೆ ಒಂದು ಅಭ್ಯಾಸ ಅಣ್ಣಾ. ಒಂದೇ ಕೋಟ್ ಬಣ್ಣಕ್ಕೆ ಸಮಾಧಾನ ಆಗಲ್ಲ. ಎರಡನೇ ಕೋಟ್ ಹೊಡೆದ್ರೇನೇ ಕೈ ಸುಮ್ಮನಾಗೋದು."

ಒತ್ತುರಾಯರು ಕೆಂಡಾಮಂಡಲವಾದರು. ಅವರು ಅಂದು ಆಡಿದ ಮಾತುಗಳಲ್ಲಿ ಅಚ್ಚು ಹಾಕಬಹುದಾದದ್ದು ಇಷ್ಟು: ಇದು ಮನೆಯಲ್ಲ, ಸಂತೆ. ಇಲ್ಲಿರುವುದು ಮನುಷ್ಯರಲ್ಲ, ಸೌಟುಗಳು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಬಾಯಾಡಿಸಲಿಕ್ಕಲ್ಲ. ನಾದಿನಿ ಬಂದು ಈ ಕುಂಬಳಕಾಯಿಯನ್ನು ನೋಡಿದರೆ ಡ್ರಾಯರ್‌ನವನ ಪಾಲು ಮಾಡುತ್ತಾಳೆ. ಆಗ ಚುಕ್ಕಿ ಒಂದು ವರ್ಷ ಕತ್ತಲಲ್ಲಿ ಕೂತು ಯಾರ ಮುಖ ನೋಡಬೇಕು?

ಕೊನೆಯ ಮಾತಿಗೆ ಬರುವಾಗ ಇನ್ನೂ ಜೋರಾಗಿ ಕೂಗಿದರು.

"ನೀವು ಹಾಕಿಲ್ವಾ ಅಳಿಯಂದ್ರೇ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ನಾನಾ? ಬೆಳಗ್ಗೆ ಶಟರ್ ಎತ್ತೋ ಮುಂಚೆ ಒಂದ್ಸಲ ಮುಖ ನೋಡಿ ಹೋಗ್ತೀನಿ. ಅಷ್ಟೇ."

ಅಂದೇ ಗಾಜಿನ ಪೆಟ್ಟಿಗೆಗೆ ಚೈನು ಬಿತ್ತು. ಲಾರಿಯ ಸ್ಟೆಪ್ನಿ ಟೈರನ್ನು ಕಳ್ಳರಿಂದ ಕಾಯುವ ಚೈನು ಅದು. ಬೀಗ ಚುಕ್ಕಿಗಿಂತ ದೊಡ್ಡದಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಹೆಂಡತಿ ಗೊಣಗಿದರು, ರಾಯರು ಕೇಳಿಸಿಕೊಳ್ಳಲಿಲ್ಲ. ಬೀಗದ ಕೈ ಅವರ ಪ್ಯಾಂಟಿನ ಜೇಬು ಸೇರಿತು. ಹಿಟ್ಟಿನ ಹುಳುವಿನ ಡಬ್ಬಿಯನ್ನೂ ವಶಪಡಿಸಿಕೊಂಡು ತಮ್ಮ ಟೂಲ್ ಪೆಟ್ಟಿಗೆಯ ತಳದಲ್ಲಿಟ್ಟರು. ಮೂರು ದಿನಕ್ಕೊಮ್ಮೆ, ಮನೆಯವರೆಲ್ಲ ನೋಡುತ್ತಿರುವಂತೆಯೇ ಬೀಗ ತೆಗೆದು, ನಾಲ್ಕು ಸಣ್ಣ ಚಿಮ್ಮಂಡೆಗಳನ್ನು ಬಿಳಿ ಪುಡಿಯಲ್ಲಿ ಹೊರಳಿಸಿ ಒಂದೊಂದಾಗಿ ಬಿಡುತ್ತಿದ್ದರು. ಚುಕ್ಕಿ ಬಾಲದ ತುದಿಯನ್ನು ಬೆಕ್ಕಿನಂತೆ ಆಡಿಸಿ, ಗುರಿ ಹಿಡಿದು, ಗಬಕ್ಕನೆ ಹಿಡಿಯುತ್ತಿತ್ತು. ನಾಲ್ಕು ಮುಗಿದ ಮೇಲೆ ತುಟಿ ಸವರಿಕೊಂಡು ರಾಯರನ್ನು ನೋಡುತ್ತಿತ್ತು. ರಾಯರು ಮುಖ ತಿರುಗಿಸಿ, "ಮುಗೀತು. ಕಾನೂನು ಅಂದ್ರೆ ಕಾನೂನು" ಎನ್ನುತ್ತಿದ್ದರು.

ಮನೆಯವರು ಪಾಲಿಸಿದರು. ಹೆಂಡತಿ ತಮ್ಮ ಮಷೀನನ್ನು ತಿರುಗಿಸಿ ಚುಕ್ಕಿಗೆ ಬೆನ್ನು ಹಾಕಿ ಕೂತರು. ಅತ್ತೆ ಮೆಟ್ಟಿಲು ಇಳಿಯುವಾಗ ಗೋಡೆಯ ಕಡೆ ಮುಖ ಮಾಡುವುದನ್ನು ರೂಢಿಸಿಕೊಂಡರು. ನಂಬರ್ ಪ್ಲೇಟಿನವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಒಳಗೆ ಬರುತ್ತಿದ್ದ.

ಆದರೂ ಚುಕ್ಕಿಯ ತೂಕ ಇಳಿಯಲಿಲ್ಲ. ಮತ್ತೆ ತೋರಿಸಲು ಹೋದಾಗ ವೈದ್ಯೆಯ ತಕ್ಕಡಿಯ ಮುಳ್ಳು ಹಿಂದಿನ ಸಲ ನಿಂತಲ್ಲಿಂದ ಕದಲಲು ಒಪ್ಪಲಿಲ್ಲ. "ಯಾರೋ ಹಾಕ್ತಿದ್ದಾರೆ," ಎಂದರು ವೈದ್ಯೆ.

ರಾಯರ ಕೋಪಕ್ಕೆ ಈಗ ದಿಕ್ಕೇ ಇಲ್ಲದಂತಾಯಿತು. ಮೊದಲು ತಕ್ಕಡಿಯ ಮೇಲೆ ಹೋಯಿತು, ಅದು ಕೆಟ್ಟಿದೆ ಎಂದರು. ಚಿಮ್ಮಂಡೆ ಮಾರುವವನ ಮೇಲೆ ಹೋಯಿತು, ಕೊಬ್ಬಿದ ಚಿಮ್ಮಂಡೆ ಕೊಟ್ಟಿದ್ದಾನೆ ಎಂದರು. ಆಮೇಲೆ ಅತ್ತೆಯ ತಲೆಗೂದಲ ಕಡೆಗೆ ತಿರುಗಿತು.

"ಅತ್ತೇ, ಹೇರ್‌ಪಿನ್ನಿನಿಂದ ಬೀಗ ತೆಗೆಯೋಕೆ ಬರುತ್ತಂತಲ್ಲ?"

"ನನಗೆ ಬರಲ್ಲ. ಬಂದಿದ್ರೆ ನಿಮ್ಮ ಬಾಯಿಗೊಂದು ಬೀಗ ಹಾಕಿ ತೆಗೆದು ಅಭ್ಯಾಸ ಮಾಡ್ಕೋತಿದ್ದೆ," ಎಂದರು ಅತ್ತೆ. ಅವರಿಗೂ ಈಗ ರೇಗಿತ್ತು. "ನಾನು ಎರಡು ಮಕ್ಕಳನ್ನ ಸಾಕಿದೀನಿ ಅಳಿಯಂದ್ರೇ. ಯಾರ ಕಂಕುಳಲ್ಲೂ ಗುಳ್ಳೆ ಬರಲಿಲ್ಲ. ಹಾಕಿದ್ದೆ, ಒಪ್ಕೊಂಡೆ, ನಿಲ್ಲಿಸ್ದೆ. ಈಗ ನನ್ನ ತಲೆ ತಪಾಸಣೆ ಮಾಡ್ತೀರಾ?"

ಎರಡು ದಿನ ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು. ಅದೇ ವಾರ ಹೆಂಡತಿ ಬಟ್ಟೆ ಒಗೆಯಲು ಹಾಕುವಾಗ ಗಂಡನ ಅಂಗಿಯ ಜೇಬನ್ನು ಒಳಗು ಹೊರಗು ಮಾಡಿ, "ರೀ, ಗಾಳಿ ಅಳೆಯೋ ಗೇಜ್ ಇಟ್ಕೊಳ್ಳೋ ಜೇಬಲ್ಲಿ ತೌಡು ಯಾಕಿದೆ?" ಎಂದು ಕೇಳಿದರು.

"ಕೆಲಸದ ಜಾಗ. ನೂರೆಂಟು ಧೂಳು ಹಾರುತ್ತೆ."

"ತೌಡೂ ಹಾರುತ್ತಾ?"

"ಗಾಳಿ ಅಂಗಡೀಲಿ ಏನು ಬೇಕಾದ್ರೂ ಹಾರುತ್ತೆ!" ಎಂದು ರಾಯರು ರೇಗಿ ಎದ್ದುಹೋದರು. ಹೋಗುವಾಗ ಕೈ ಜೇಬಿನ ಮೇಲಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ.

ಎರಡು ತಿಂಗಳು ತುಂಬಿ ನಾದಿನಿ ಬಂದಳು. ಚೀಲ ಇಳಿಸುವ ಮೊದಲೇ ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ಚೈನು ನೋಡಿದಳು, ಬೀಗ ನೋಡಿದಳು, ಒಳಗಿದ್ದ ದುಂಡನೆಯ ಜೀವವನ್ನು ನೋಡಿದಳು. ಅವಳ ಮುಖ ಬಾಡಿತು.

"ಇದು ನನ್ನ ಚುಕ್ಕಿನಾ?"

ಹೆಂಡತಿ ನಡೆದದ್ದನ್ನೆಲ್ಲ ಹೇಳಿದರು. ತಮ್ಮ ತಪ್ಪು, ತಾಯಿಯ ತಪ್ಪು, ಗುಳ್ಳೆ, ವೈದ್ಯೆ, ಬೀಗ. ನಾದಿನಿ ಪೂರ್ತಿ ಕೇಳಿದಳು.

"ಮೊದಲಿನದ್ದು ಬಿಡಿ, ಆಗಿಹೋಯ್ತು. ಆದ್ರೆ ಬೀಗ ಹಾಕಿದ ಮೇಲೂ ಯಾರೋ ಹಾಕ್ತಾನೇ ಇದ್ದಾರೆ ಅಂದ್ರೆ ನಾನು ಹೇಗೆ ಬಿಟ್ಟು ಹೋಗ್ಲಿ ಅಕ್ಕ? ಒಂದು ವರ್ಷ. ಬರೋ ಹೊತ್ತಿಗೆ ಇದು ಇರಲ್ಲ. ನಾಳೆನೇ ಅವನ ಹತ್ರ ಬಿಟ್ಟುಬರ್ತೀನಿ. ಡ್ರಾಯರ್ ಆದ್ರೂ ಬದುಕಿರುತ್ತೆ."

ಆಗ ಎದ್ದರು ಒತ್ತುರಾಯರು. ಎರಡು ತಿಂಗಳಿಂದ ಕಟ್ಟಿಟ್ಟ ಗಾಳಿಯೆಲ್ಲ ಒಮ್ಮೆಗೇ ಹೊರನುಗ್ಗಿತು. ಆ ಭಾಷಣ ಕೇಳಿದ ನಂಬರ್ ಪ್ಲೇಟಿನವನು ಬ್ರಷ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತ.

"ಡ್ರಾಯರ್‌ಗೆ ಯಾಕೆ ಹೋಗ್ಬೇಕು? ಚುಕ್ಕಿ ಏನು ತಪ್ಪು ಮಾಡಿದೆ? ತಪ್ಪು ಮಾಡಿದೋರು ಇಲ್ಲೇ ನಿಂತಿದ್ದಾರೆ, ತಲೆ ತಗ್ಗಿಸಿಕೊಂಡು! ಬೀಗ ಹಾಕ್ದೆ ನಾನು. ಬೀಗದ ಕೈ ಜೇಬಲ್ಲಿಟ್ಕೊಂಡೆ ನಾನು. ಊಟದ ದಿನ ಎಲ್ಲರನ್ನೂ ಸಾಕ್ಷಿ ನಿಲ್ಲಿಸಿ ಹಾಕ್ದೆ ನಾನು. ಅಷ್ಟಾದ್ರೂ ಕಳ್ಳತನದಲ್ಲಿ ತಿನ್ನಿಸ್ತಾರೆ ಅಂದ್ರೆ ಎಂಥಾ ಜನ ಇವರು! ಬೇಲಿನೇ ಎದ್ದು ಹೊಲ ಮೇಯೋ ಕಾಲ ಇದು! ಪ್ರೀತಿ ಅಂತೆ! ಬಾಯಿಗೆ ತುರುಕೋದು ಪ್ರೀತಿನಾ? ಅದಕ್ಕೆ ಸಾಕು ಅನ್ನೋಕೆ ಬರಲ್ಲ, ಅದಕ್ಕೆ ನಾವು ಸಾಕು ಅನ್ಬೇಕು! ಅಷ್ಟು ಬುದ್ಧಿ ಬೇಡ್ವಾ..."

ರಾಯರು ಉಸಿರು ತೆಗೆದುಕೊಳ್ಳಲು ನಿಂತರು. ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವರ ಎದೆಯ ಮೇಲಿತ್ತು.

ಅಂಗಿಯ ಜೇಬಿನಲ್ಲಿ ಗೇಜಿನ ಪಕ್ಕದಿಂದ ಹಳದಿ ಬಣ್ಣದ ಕೊಬ್ಬಿದ ಹಿಟ್ಟಿನ ಹುಳುವೊಂದು ತಲೆ ಹೊರಗೆ ಹಾಕಿ, ಆಚೀಚೆ ನೋಡಿ, ಗುಂಡಿಯ ಪಟ್ಟಿ ಹಿಡಿದು ಮೇಲೇರತೊಡಗಿತ್ತು. ಭಾಷಣದ ಬಿಸಿಗೆ ಒಳಗಿರಲಾಗದೆ ಹೊರಟಿತ್ತೋ ಏನೋ. ಕಾಲರಿನ ಹತ್ತಿರ ಬಂದು ಒಂದು ಗಳಿಗೆ ವಿಶ್ರಮಿಸಿತು.

ಗಾಜಿನ ಆಚೆ ಚುಕ್ಕಿ ಎದ್ದು ನಿಂತಿತ್ತು. ಅಷ್ಟು ದಪ್ಪ ಮೈಯಲ್ಲೂ ಅದಕ್ಕೆ ಚುರುಕು ಬಂದಿತ್ತು. ಮುಂಗಾಲುಗಳನ್ನು ಗಾಜಿನ ಮೇಲಿಟ್ಟು, ಕತ್ತು ಚಾಚಿ, ರಾಯರ ಕಾಲರಿನ ಮೇಲೆ ಕಣ್ಣು ನೆಟ್ಟು, ಬಾಲದ ತುದಿಯನ್ನು ಬೆಕ್ಕಿನಂತೆ ಆಡಿಸುತ್ತಿತ್ತು.

"ಅಣ್ಣಾ," ಎಂದ ನಂಬರ್ ಪ್ಲೇಟಿನವನು ಬಹಳ ಮೃದುವಾಗಿ, "ನಿಮ್ಮ ಬೇಲಿ ಮೇಲೆ ಏನೋ ಹತ್ತುತ್ತಾ ಇದೆ."

ರಾಯರು ಗದ್ದ ಒತ್ತಿ ಕೆಳಗೆ ನೋಡಿದರು. ಹುಳು ಅವರನ್ನು ನೋಡಿತು. ಅತ್ತೆ ಎರಡು ದಿನ ಬಿಟ್ಟಿದ್ದ ಮಾತಿಗೆಲ್ಲ ಬಡ್ಡಿ ಸೇರಿಸಿದಂತೆ ಗೊಳ್ಳೆಂದು ನಕ್ಕರು. ಹೆಂಡತಿ, "ತೌಡು! ಗಾಳಿ ಅಂಗಡೀಲಿ ಹಾರಿ ಬಂದ ತೌಡು!" ಎಂದು ಮಷೀನಿನ ಮೇಲೆ ತಲೆಯಿಟ್ಟರು.

ನಾದಿನಿ ಒಬ್ಬಳೇ ನಗಲಿಲ್ಲ. ಅವಳು ಎದ್ದು ಬಂದು, ಭಾವನ ಕಾಲರಿನಿಂದ ಹುಳುವನ್ನು ಎರಡು ಬೆರಳಲ್ಲಿ ಎತ್ತಿದಳು.

"ದಿನಾನಾ ಭಾವ?"

ರಾಯರು ತಲೆಯಾಡಿಸಿದರು.

"ಎಷ್ಟು?"

"ಒಂದು." ಜೇಬು ಮುಟ್ಟಿಕೊಂಡರು. "ಒಂದೋ ಎರಡೋ. ಮುಖ ನೋಡುತ್ತೆ."

ನಾದಿನಿ ಕೈ ಚಾಚಿದಳು. ಅವರು ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು. ಅವಳು ಅದನ್ನು ತಾಯಿಯ ಕೈಯಲ್ಲಿಟ್ಟು, "ಅಮ್ಮ, ತಪ್ಪು ಒಪ್ಕೊಂಡು ನಿಲ್ಲಿಸಿದೋಳು ನೀನು. ಇನ್ನು ಊಟ ನಿನ್ನದು. ಮೂರು ದಿನಕ್ಕೊಂದ್ಸಲ, ನಾಲ್ಕೇ ನಾಲ್ಕು," ಎಂದಳು. ಟೂಲ್ ಪೆಟ್ಟಿಗೆಯ ತಳದಿಂದ ಹುಳುವಿನ ಡಬ್ಬಿ ತೆಗೆದು ನಂಬರ್ ಪ್ಲೇಟಿನವನ ಕೈಗೆ ಕೊಟ್ಟು, ಹಿತ್ತಿಲ ಹಕ್ಕಿಗಳಿಗೆ ಸುರಿದು ಬಾ ಎಂದು ಕಳಿಸಿದಳು. ರಾಯರು ಡಬ್ಬಿ ಹೋಗುವುದನ್ನು ಬಾಗಿಲವರೆಗೂ ಕಣ್ಣಲ್ಲೇ ಬೀಳ್ಕೊಟ್ಟರು.

"ಹಾಗಾದ್ರೆ... ಡ್ರಾಯರ್?" ಎಂದರು, ಅವಳತ್ತ ನೋಡದೆ.

"ತೂತು ಸಿಕ್ತಲ್ಲ ಭಾವ. ಇನ್ನು ಪ್ಯಾಚ್ ಹಾಕ್ಬಹುದು. ಚುಕ್ಕಿ ಇಲ್ಲೇ ಇರ್ಲಿ. ನೀವು ಪಕ್ಕದಲ್ಲಿ ಕೂತು ಟೀ ಕುಡಿಯಿರಿ, ಬೈಯಿರಿ, ಅದು ಕೇಳಿಸ್ಕೊಳ್ಳುತ್ತೆ. ಜೇಬು ಮಾತ್ರ ಖಾಲಿ ಇರ್ಬೇಕು."

ರಾಯರು ಅಂಗಿಯ ಜೇಬನ್ನು ಒಳಗು ಹೊರಗು ಮಾಡಿ ಕೊಡವಿದರು. ಒಂದಿಷ್ಟು ತೌಡು ಉದುರಿತು. ಚುಕ್ಕಿ ಗಾಜಿನ ಆಚೆಯಿಂದ ಅದನ್ನೂ ನೋಡಿ, ಮೆಲ್ಲಗೆ ರೆಪ್ಪೆ ಬಡಿದು ಕೂತಿತು.

"ಆದ್ರೂ ಭಾವ," ಎಂದಳು ನಾದಿನಿ, ಈಗ ಅವಳಿಗೂ ನಗು ತಡೆಯಲಾಗುತ್ತಿರಲಿಲ್ಲ, "ಊರಿಗೆಲ್ಲ ಬೈದು, ಅಮ್ಮನ ಹೇರ್‌ಪಿನ್ನನ್ನೂ ಬಿಡದೆ, ಡಾಕ್ಟ್ರು ಬೇಡ ಅಂತ ಹೇಳಿದ ಹುಳಾನ ನೀವೇ ದಿನಾ ಬೆಳಗ್ಗೆ ಯಾಕೆ ಹಾಕಿದ್ರಿ?"

ರಾಯರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ರಾತ್ರಿ ಇಳಿದಿರುತ್ತೆ ಅಂದ್ಕೊಂಡೆ."